ಪೇಂಟರ್ ಕಾಕಾನ ಅಕ್ಷರ

ಮರಾಠಿ ಸೀಮೆಯ ಭೋಸರಿಗೆ ಫ್ಲೆಕ್ಸ್ ಬೋರ್ಡು ಬಂದ ಮೇಲೆ ನಮ್ಮ ಯಜಮಾನರಿಗೆ ಕೆಲಸವೇ ಇಲ್ಲದಂತಾಯಿತು. ಇಂಡಿ ಕಡೆಯಿಂದ ಬಂದು ಇಲ್ಲಿನ ಕಾರ್ಖಾನೆ ಗೋಡೆ, ಅಂಗಡಿ ಬೋರ್ಡು ಬರೆಯುತ್ತಲೇ ತಲೆ ಹಣ್ಣಾದವರು. ಶಂಕ್ರೆಪ್ಪ ಎಂಬ ಹೆಸರು ರೇಷನ್ ಕಾರ್ಡಿನಲ್ಲಿ ಮತ್ತು ನಮ್ಮ ಕಡೆಯ ಹಿರಿಯರ ಬಾಯಲ್ಲಿ ಮಾತ್ರ, ಉಳಿದವರಿಗೆಲ್ಲ ಪೇಂಟರ್ ಕಾಕಾ. ಮರಾಠಿ ಮಾತಾಡುವಾಗ ತಡವರಿಸುತ್ತಿದ್ದರು, ಬರೆಯುವಾಗ ಇಲ್ಲ. ಹೊಟ್ಟೆ ತುಂಬಿದ, ಬಾಲ ಸಣ್ಣಗೆ ಎಳೆದ ಆ ಅಕ್ಷರ ಎಲ್ಲೇ ಕಂಡರೂ ಇದು ಇವರದೇ ಎಂದು ನಾನು ಬಸ್ಸಿನಿಂದಲೇ ಹೇಳುತ್ತಿದ್ದೆ. ನನಗೆ ಅದರ ಸೊಕ್ಕಿತ್ತು.

ಆ ವರ್ಷ, ಎರಡು ಸಾವಿರದ ಐದರ ಬೇಸಿಗೆಯಲ್ಲಿ, ಫ್ಲೆಕ್ಸ್ ಅಂಗಡಿಯ ಮಧುಕರ ಶೇಟ ಇವರನ್ನು ಕರೆಸಿದ. ಕಂಪ್ಯೂಟರಿಗೆ ಜೋಡಿಸಿ ಪೆನ್ನಿನಿಂದ ಬರೆಯುವ ಹಲಗೆ ಬಂದಿದೆ, ಟ್ಯಾಬ್ಲೆಟ್ ಅಂತಾರೆ, ಅದರ ಮೇಲೆ ಕೈ ಕುದುರಿದರೆ ಗಣಪತಿ ಹಬ್ಬದಿಂದ ಖಾಯಂ ನೌಕರಿ ಎಂದ. ಹಲಗೆ ನೀವೇ ಆರಿಸಿ, ಕೊಳ್ಳುವುದು ನನ್ನ ಪಾಲು ಎಂದೂ ಹೇಳಿದ. ಮನೆಗೆ ಬಂದವರೇ ಇವರು ಗಡ್ಡ ಬೋಳಿಸಿಕೊಂಡರು. ಎಷ್ಟೋ ತಿಂಗಳ ಮೇಲೆ ಮುಖದಲ್ಲಿ ಕಳೆ ಕಂಡೆ.

ತುಳಶೀಬಾಗಿನ ಸಂತೆಯಲ್ಲಿ ಕೆಲಸವಿದೆ ಎಂಬ ನೆಪ ಮಾಡಿ ನಾನೂ ಇವರ ಮತ್ತು ಶೇಟನ ಜೊತೆ ಬುಧವಾರ ಪೇಟೆಯ ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯವನು ಅಂಗೈಯಷ್ಟಗಲದ ಒಂದು ಹಲಗೆ ತೋರಿಸಿ, ಎಲ್ಲರೂ ಇದನ್ನೇ ಒಯ್ಯುತ್ತಾರೆ ಎಂದ. ಇವರು ಪೆನ್ನು ಎತ್ತಿ, ಬ್ರಷ್ಷಿನ ತುದಿ ಚೂಪು ಮಾಡಿದ ಹಾಗೆ ತುಟಿಗೆ ಹಚ್ಚಿಕೊಂಡರು. ಅಂಗಡಿಯವನು ನಕ್ಕ. ನನಗೆ ಅವನ ಕಪಾಳಕ್ಕೆ ಬಿಗಿಯಬೇಕೆನಿಸಿತು.

"ಮಣಿಕಟ್ಟು ಊರಿ ಬರದ್ರ ಅಕ್ಷರ ಕುಂಟತಾವ. ಮೊಳಕೈ ಆಡೂವಷ್ಟು ದೊಡ್ಡದು ಬೇಕು" ಎಂದರು ನನಗೆ.

ನಾನು ಅದನ್ನೇ ಮರಾಠಿಯಲ್ಲಿ ಹೇಳಿದೆ. ಒಳಗಿನಿಂದ ಊಟದ ತಾಟಿಗಿಂತ ದೊಡ್ಡದೊಂದು ಬಂತು. ಕೈ ಒಂದು ಕಡೆ, ಗೆರೆ ಮೂಡುವುದು ಇನ್ನೊಂದು ಕಡೆ ಪರದೆಯ ಮೇಲೆ, ಹೀಗಾಗಿ ಮೊದಲು ಬರೀ ಹಾವು ಹರಿದಾಡಿದವು. ಆಮೇಲೆ ಇವರು ಒತ್ತಿದರು, ಗೆರೆ ದಪ್ಪವಾಯಿತು. ಹಗುರ ಮಾಡಿದರು, ಬಾಲ ಸಣ್ಣಗೆ ಬಂತು. ಇವರ ಕಣ್ಣು ಒದ್ದೆಯಾದವು. ಶೇಟ ಹೆಗಲು ತಟ್ಟಿ ಅದನ್ನೇ ಕಟ್ಟಿಸಿದ. ಆ ಸಣ್ಣದನ್ನೇ ತಂದಿದ್ದರೆ ಚೆನ್ನಾಗಿತ್ತು ಎಂದು ನಾನು ಈಗಲೂ ಬಡಬಡಿಸುತ್ತೇನೆ.

ಇವರ ಕಸುಬಿನಲ್ಲಿ ಒಂದು ರೂಢಿಯುಂಟು. ಹೊಸ ಬ್ರಷ್ ತಂದರೆ ಮೊದಲು ಅದರಿಂದ ಇಡೀ ವರ್ಣಮಾಲೆ ಬರೆದು ಪಳಗಿಸಬೇಕು, ಆಮೇಲೆಯೇ ದುಡ್ಡಿನ ಕೆಲಸ. ಗುರುವಿನ ಮಾತು, ಇವರು ಮೀರಿದವರಲ್ಲ. ಶೇಟನ ಅಂಗಡಿಯಲ್ಲಿ ಕೂತು ಹಲಗೆಯ ಮೇಲೂ ಹಾಗೇ ಮಾಡಿದರು. ಮರಾಠಿಯ ಸ್ವರ, ವ್ಯಂಜನ, ಕಾನಾ, ಮಾತ್ರಾ ಎಂಬ ಸ್ವರಚಿಹ್ನೆ, ಒತ್ತಕ್ಷರ, ಅಂಕಿ, ಒಂದೊಂದನ್ನೂ ಒರೆಸಿ ಒರೆಸಿ, ತಮ್ಮ ಮನಸ್ಸಿಗೆ ಒಪ್ಪುವವರೆಗೆ. ಕಂಪ್ಯೂಟರ್ ನೋಡಿಕೊಳ್ಳುವ ಮಾಧುರಿ ಪ್ರತಿಯೊಂದನ್ನೂ ಜೋಪಾನವಾಗಿ ಉಳಿಸಿಟ್ಟಳು. ನಾಳೆಯಿಂದ ಅಸಲಿ ಕೆಲಸ ಶುರು ಮಾಡೋಣ ಎಂದು ಇವರು ಖುಷಿಯಲ್ಲಿ ಮನೆಗೆ ಬಂದರು.

ಆ ನಾಳೆ ಬರಲೇ ಇಲ್ಲ. ಸ್ವಲ್ಪ ದಿನ ತಡೆಯಿರಿ ಎಂದ ಶೇಟ. ಅಷ್ಟರಲ್ಲಿ ಮಾಧುರಿ ಆ ಅಕ್ಷರಗಳನ್ನೆಲ್ಲ ಕಂಪ್ಯೂಟರಿಗೆ ಊಡಿಸಿದ್ದಳು. ಕೀಲಿ ಒತ್ತಿದರೆ ಸಾಕು, ಇವರದೇ ಅಕ್ಷರ ಸಾಲಾಗಿ ಬರುತ್ತಿತ್ತು. ಇನ್ನು ಬರೆಯುವವರು ಯಾಕೆ ಬೇಕು? ಹಲಗೆ ನನ್ನದು, ಅಂಗಡಿ ನನ್ನದು, ವರ್ಣಮಾಲೆ ನಾನು ಕೇಳಿರಲಿಲ್ಲ, ನೀವಾಗಿಯೇ ಬರೆದದ್ದು ಎಂದ ಶೇಟ, ಚಹಾ ಕುಡಿಸಿ. ಗಣಪತಿ ಹಬ್ಬಕ್ಕೆ ಭೋಸರಿಯಿಂದ ನಿಗಡಿಯವರೆಗೆ ಪ್ರತಿ ಚೌಕದಲ್ಲೂ ಇವರ ಅಕ್ಷರ ತೂಗಾಡಿತು. ನಾನು ಬಸ್ಸಿನಲ್ಲಿ ಕಣ್ಣು ಮುಚ್ಚಿಕೊಂಡು ಕೂಡುತ್ತಿದ್ದೆ. ಜಗಳಕ್ಕೆ ಹೋಗ್ರಿ ಎಂದರೆ ಇವರು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದರು.

ದೀಪಾವಳಿಗೆ ಮುಂಚೆ ನಿಗಡಿಯ ಕಿರಾಣಿ ವ್ಯಾಪಾರಿ ನಿಜಲಿಂಗಪ್ಪನವರು ಹೇಳಿಕಳಿಸಿದರು. ನಮ್ಮ ಕಡೆಯ ಹಿರಿಯರು, ಅಂಗಡಿಯ ಕಟ್ಟಿಗೆಯ ಮರಾಠಿ ಬೋರ್ಡನ್ನು ಕೈಯಿಂದಲೇ ಬರೆಸುವ ಹಟ. ಇವರು ಡಬ್ಬಿ ಬ್ರಷ್ಷು ತೊಳೆದುಕೊಂಡು ಹೋದರು, ಊಟದ ಗಂಟು ಹಿಡಿದು ನಾನೂ ಹೋದೆ. ಸಂಜೆಗೆ ಬೋರ್ಡು ಮುಗಿಯಿತು. ಅಷ್ಟು ಚಂದದ ಅಕ್ಷರ ಇವರು ಹಿಂದೆ ಬರೆದಿರಲಿಲ್ಲ ಎಂದು ನನಗೆ ಅನಿಸಿತು.

ನಿಜಲಿಂಗಪ್ಪನವರು ಚಷ್ಮಾ ಏರಿಸಿ ಬಹಳ ಹೊತ್ತು ನೋಡಿದರು. ಮುಖ ಸಣ್ಣದು ಮಾಡಿಕೊಂಡು, "ಕೈಲೆ ಬರೀರಿ ಅಂದ್ರ ಫ್ಲೆಕ್ಸಿನ ಅಕ್ಷರ ನೋಡಿ ಇಳಿಸೀರಲ್ಲ, ಶಂಕ್ರೆಪ್ಪ" ಎಂದರು.

ನನ್ನ ಬಾಯಿಗೆ ಬೆಂಕಿಯಂಥ ಮಾತು ಬಂತು. ಅಷ್ಟರಲ್ಲಿ ಇವರು ನನ್ನ ಕೈ ಹಿಡಿದರು.

"ಹೌದ್ರಿ, ನೋಡೇ ಬರದೀನ್ರಿ" ಎಂದರು ಇವರು.