ಎಣಿಕೆ ಸರಿಯಿದ್ದರೆ ಸಾಕೇ, ಗಿರಿಧರ?

ಸಂಶಯ ಮನೆಯೊಳಗೆ ಕಾಲಿಟ್ಟರೆ ಮೊದಲು ಇಣುಕುವುದು ಸೊಸೆಯ ತಟ್ಟೆಗೆ. ಪೆರಂಬೂರಿನ ರಮಾಬಾಯಿಯವರ ಮನೆಯಲ್ಲೂ ಹಾಗೇ ಆಯಿತು. ಮಗ ಗಿರಿಧರ, ಸೊಸೆ ಶ್ರೀಪ್ರಿಯಾ. ೧೯೯೮ರಲ್ಲಿ ಮದುವೆಯಾದವರು, ಏಳು ವರ್ಷವಾದರೂ ಮಡಿಲು ತುಂಬಿರಲಿಲ್ಲ. ಟೆಸ್ಟ್ ಟ್ಯೂಬ್ ಚಿಕಿತ್ಸೆಯಲ್ಲಿ ಎರಡು ಸಲ ಗರ್ಭ ನಿಂತಿತ್ತು. ಎರಡು ಸಲವೂ ಎರಡನೇ ತಿಂಗಳು ದಾಟಲಿಲ್ಲ.

“ನಿಜ ಹೇಳು, ಪಪ್ಪಾಯಿ ತಿಂದ್ಯಾ? ಮಹಡಿ ಹತ್ತಿದ್ಯಾ?” ರಮಾಬಾಯಿ ಕೇಳುತ್ತಲೇ ಇದ್ದರು.

“ಇಲ್ಲ ಅತ್ತೆ.”

“ಮತ್ತೆ ಸುಮ್‌ಸುಮ್ನೆ ಹೋಗತ್ತಾ?”

ಗಿರಿಧರನೂ ಕಡಿಮೆಯೇನಲ್ಲ. ರೈಲ್ವೆ ವರ್ಕ್‌ಶಾಪಿನಿಂದ ಮನೆಗೆ ಫೋನ್ ಮಾಡಿ, ಹೆಂಡತಿ ಮಲಗಿದ್ದಾಳೋ ಎದ್ದು ಓಡಾಡುತ್ತಿದ್ದಾಳೋ ಎಂದು ಅಮ್ಮನನ್ನು ವಿಚಾರಿಸುತ್ತಿದ್ದ. ಅಲ್ಲ ಸ್ವಾಮಿ, ಇವನೇನು ಗಂಡನೋ ಪೊಲೀಸನೋ? ಕೇಳಿ ಕೇಳಿ ಶ್ರೀಪ್ರಿಯಾಗೆ ತನ್ನ ಮೇಲೆ ತನಗೇ ಅನುಮಾನ ಹುಟ್ಟಿತ್ತು. ಜೋರಾಗಿ ಸೀನಲೂ ಹೆದರುತ್ತಿದ್ದಳು, ಪಾಪ.

ಮೂರನೇ ಸಲ ಶುರುಮಾಡುವ ಮೊದಲು ಡಾಕ್ಟರು, “ಇವರ ಪರೀಕ್ಷೆಗಳಲ್ಲಿ ತೊಂದರೆ ಕಾಣುತ್ತಿಲ್ಲ. ನೀವು ಇನ್ನೊಂದು ಪರೀಕ್ಷೆ ಮಾಡಿಸಿ,” ಎಂದು ಗಿರಿಧರನಿಗೆ ಹೇಳಿದರು. ಅವನು ಮನೆಗೆ ಬಂದವನೇ ಕೂಗಾಡಿದ.

“ಇದು ಶುದ್ಧ ಏಮಾತ್ತು ವೇಲೆ ಅಮ್ಮ, ಮೋಸ! ನನ್ನ ಟೆಸ್ಟ್ ಆಗ್ಲೇ ಆಗಿದೆ. ಎಣಿಕೆ ನಾರ್ಮಲ್, ಎಲ್ಲಾ ನಾರ್ಮಲ್. ಬೇಕಿದ್ರೆ ಇವಳಿಗೇ ಇನ್ನೊಂದು ಮಾಡ್ಲಿ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಮೇಲಿನ ಮನೆಯ ವೃಂದಾ ಪೋರೂರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಶ್ರೀಪ್ರಿಯಾ ಅವಳನ್ನು ಕರೆತಂದಳು.

“ನೀನೂ ಆಸ್ಪತ್ರೆಯವಳೇ. ಅವರ ಪರವಾಗೇ ಮಾತಾಡ್ತೀಯ,” ಎಂದರು ರಮಾಬಾಯಿ.

“ಮಾಮಿ, ನಂದು ಬೇರೆ ಆಸ್ಪತ್ರೆ. ಅವರಿಂದ ನನಗೆ ಒಂದು ಲೋಟ ಕಾಫೀನೂ ಸಿಗಲ್ಲ,” ವೃಂದಾ ನಕ್ಕಳು. “ಅನುಮಾನ ಪಡಿ, ತಪ್ಪಿಲ್ಲ. ಆದ್ರೆ ಇಬ್ಬರ ಮೇಲೂ ಪಡಿ. ಗಿರಿ ಅಣ್ಣ, ವರ್ಕ್‌ಶಾಪಲ್ಲಿ ನಿಮ್ಮ ಕೆಲಸ ಏನು?”

“ಗೊತ್ತಿಲ್ವಾ? ರೈಲುಗಾಲಿ ಜೋಡಿಸೋ ಆಕ್ಸಲ್ ಒಳಗೆ ಬಿರುಕಿದ್ಯಾ ಅಂತ ಮೆಷಿನ್ ಇಟ್ಟು ನೋಡೋದು.”

“ಬರೀ ಕಣ್ಣಲ್ಲಿ ನೋಡಿದ್ರೆ ಸಾಲದಾ?”

“ಚೆನ್ನಾಗ್ ಹೇಳ್ದೆ! ಮೇಲೆ ಫಳಫಳ ಅಂತಿರತ್ತೆ, ಒಳಗಿನ ಬಿರುಕು ಎಲ್ಲಿ ಕಾಣತ್ತೆ? ಸುಮ್ನೆ ಎಣಿಸಿ ಕಳಿಸಿಬಿಡೋಕೆ ಆಗತ್ತಾ...” ಅಷ್ಟು ಹೇಳಿ ಗಿರಿಧರ ತಟ್ಟನೆ ಬಾಯಿ ಮುಚ್ಚಿದ.

“ನಿಮ್ಮ ಹಳೇ ಟೆಸ್ಟೂ ಅಷ್ಟೇ ಅಣ್ಣ. ವೀರ್ಯಾಣು ಎಷ್ಟಿದೆ, ಹೇಗೆ ಚಲಿಸತ್ತೆ, ಆಕಾರ ಹೇಗಿದೆ ಅಂತ ನೋಡತ್ತೆ. ಮಗುವಿಗೆ ಅಪ್ಪ ಕೊಡೋ ಡಿಎನ್‌ಎ ಅದರೊಳಗಿದೆ. ಅದು ಮುರಿದಿದ್ಯಾ ಅಂತ ಆ ಟೆಸ್ಟಲ್ಲಿ ತಿಳಿಯಲ್ಲ.”

“ಮುರಿದಿದ್ರೆ ಗರ್ಭ ನಿಲ್ತಾನೇ ಇರ್ಲಿಲ್ಲ.”

“ನಿಲ್ಲಬಹುದು. ಮೊದಲ ಎರಡು ಮೂರು ದಿನ ಭ್ರೂಣ ತಾಯಿಯ ಅಂಡದ ಬಲದಲ್ಲೇ ಬೆಳೆಯತ್ತೆ. ಆಮೇಲೆ ಅಪ್ಪನ ಪಾಲೂ ಕೆಲಸಕ್ಕೆ ಇಳೀಬೇಕು. ಸಣ್ಣಪುಟ್ಟ ಹಾನಿ ಇದ್ರೆ ಅಂಡವೇ ಸರಿಮಾಡ್ಕೊಳತ್ತೆ. ಜಾಸ್ತಿ ಇದ್ರೆ ಬೆಳವಣಿಗೆ ನಿಲ್ಲಬಹುದು, ಗರ್ಭ ಹೋಗಬಹುದು.”

“ಬಹುದು, ಬಹುದು! ಖಂಡಿತ ಅಂತ ಒಂದೂ ಇಲ್ವೇನೇ?” ರಮಾಬಾಯಿ ರೇಗಿದರು.

“ಇಲ್ಲ ಮಾಮಿ. ಖಂಡಿತ ಅನ್ನೋರನ್ನೇ ನಂಬಬೇಡಿ. ಡಾಕ್ಟರು ಹೇಳಿದ್ದು ಆ ಡಿಎನ್‌ಎ ನೋಡೋ ಹೊಸ ಟೆಸ್ಟ್, ಅದರ ಬಗ್ಗೆ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ. ಎಲ್ಲರಿಗೂ ಬೇಕಿಲ್ಲ. ಆದ್ರೆ ಮತ್ತೆ ಮತ್ತೆ ಗರ್ಭ ಹೋಗ್ತಿದ್ರೆ ನೋಡೋದು ಒಳ್ಳೇದು.”

“ಅದು ಯಾಕೆ ಮುರಿಯತ್ತೆ?” ಗಿರಿಧರನ ದನಿ ಇಳಿದಿತ್ತು.

“ಬೀಡಿ, ಸಿಗರೇಟು. ವೃಷಣಕ್ಕೆ ಅತಿಯಾದ ಬಿಸಿ ತಾಗೋದು, ಸೋಂಕು, ಅಲ್ಲಿನ ರಕ್ತನಾಳ ಊದೋದು. ವಯಸ್ಸೂ ಸೇರತ್ತೆ. ಕೆಲವು ಸಲ ಕಾರಣವೇ ಸಿಗಲ್ಲ.”

ಗಿರಿಧರನ ಕೈ ಷರ್ಟಿನ ಜೇಬಿನಲ್ಲಿದ್ದ ಸಿಗರೇಟು ಪ್ಯಾಕಿನ ಮೇಲೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ!

ಗೊಣಗುತ್ತಲೇ ಪರೀಕ್ಷೆ ಮಾಡಿಸಿದ. ಡಿಎನ್‌ಎ ಹಾನಿ ಹೆಚ್ಚಿತ್ತು. ರಕ್ತನಾಳವೂ ಊದಿತ್ತು. ಸಿಗರೇಟು ಬಿಡಬೇಕು, ಊತಕ್ಕೆ ಚಿಕಿತ್ಸೆಯಾಗಬೇಕು, ಹೊಸ ವೀರ್ಯಾಣು ತಯಾರಾಗಲು ಸುಮಾರು ಮೂರು ತಿಂಗಳು ಬೇಕು, ಆಮೇಲೆ ಮತ್ತೆ ನೋಡೋಣ ಎಂದರು ಡಾಕ್ಟರು.

“ಬೇರೆ ಯಾರದ್ದೋ ಸ್ಯಾಂಪಲ್ ಇರಬೇಕು ಕಣೋ!” ರಮಾಬಾಯಿಗೆ ಆಗಲೂ ಸಂಶಯ.

“ಇಲ್ಲ ಅಮ್ಮ, ನಂದೇ.” ಗಿರಿಧರ ಹೆಂಡತಿಯ ಕಡೆ ತಿರುಗಿದ. “ಇಷ್ಟು ವರ್ಷ ನಿನ್ನನ್ನೇ ಕೇಳಿದ್ವಲ್ಲೇ...”

ಶ್ರೀಪ್ರಿಯಾಗೆ ಸಿಟ್ಟೂ ಬಂತು, ಅಳುವೂ ಬಂತು. “ನನ್ನನ್ನ ಕೇಳಿದ ಹಾಗೆ ನಿಮ್ಮನ್ನ ಯಾರೂ ಕೇಳೋದು ಬೇಡ. ಚಿಕಿತ್ಸೆ ಮಾಡಿಸ್ಕೊಳ್ಳಿ, ಸಾಕು.”

ಮುಂದಿನ ಭಾನುವಾರ ನೆಂಟರಾಕೆ ಕಲಾವತಿ ಬಂದು, “ನಿಮ್ಮ ಸೊಸೆಗೆ ಏನಂತೆ ತೊಂದರೆ?” ಎಂದು ಪಿಸುಗುಟ್ಟಿದಾಗ, ರಮಾಬಾಯಿ ಅಡುಗೆಮನೆಗೆ ಕೇಳಿಸುವಷ್ಟು ಜೋರಾಗಿಯೇ ಹೇಳಿದರು: “ಸೊಸೆಗೆ ಏನೂ ಇಲ್ಲ. ಚಿಕಿತ್ಸೆ ನಡೀತಿರೋದು ನನ್ನ ಮಗನಿಗೆ.”

ಒಳಗೆ ಕಾಫಿ ಬೆರೆಸುತ್ತಿದ್ದ ಶ್ರೀಪ್ರಿಯಾ ಕೈ ನಿಲ್ಲಿಸಿ ನಿಂತಳು. ಏಳು ವರ್ಷದಲ್ಲಿ ಅತ್ತೆಯ ಬಾಯಿಂದ ಅವಳ ಪರವಾಗಿ ಬಂದ ಮೊದಲ ಮಾತು ಅದು.

ಓದುವ ಅಕ್ಕಂದಿರೇ, ಅಣ್ಣಂದಿರೇ, ಮಗು ಆಗುವುದು ಇಬ್ಬರಿಂದ. “ನನ್ನ ಎಣಿಕೆ ಸರಿಯಿದೆ” ಎಂದು ಗಂಡಸರು ಎದ್ದು ಹೋಗಬೇಡಿ. ಡಾಕ್ಟರ ಮುಂದೆ ಇಬ್ಬರೂ ಕೂತು ಪ್ರಶ್ನೆ ಕೇಳಿ. ತಂಬಾಕನ್ನು ಇವತ್ತೇ ಬಿಡಿ. ಮತ್ತೆ ಅತ್ತೆಯಂದಿರೇ, ನಿಮ್ಮ ಸೊಸೆಯ ಬಗ್ಗೆ ಯಾರಾದರೂ ಪಿಸುಗುಟ್ಟಿದರೆ, ನೀವು ಜೋರಾಗಿ ಉತ್ತರ ಕೊಡಿ. ಅವಳು ಒಳಗೆ ಕೇಳಿಸಿಕೊಳ್ಳುತ್ತಿರುತ್ತಾಳೆ.