ಕಾಯಿ ಅಲ್ಲಾಡಿಸಿದ್ದು ಯಾರು?

2025ರ ಫೆಬ್ರವರಿ 27, ಗುರುವಾರ, ಬೆಳಿಗ್ಗೆ 11 ಗಂಟೆ 40 ನಿಮಿಷ. ತಿಪಟೂರಿನ ನಮ್ಮ ಕಾಲೇಜಿನ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ಲೋಲಕದ ತೂಗಾಟ ಎಣಿಸುತ್ತಿದ್ದಾಗ ನನ್ನ ಫೋನಿಗೆ ಪತ್ರ ಬಂತು. ‘ನಿಮ್ಮ ಸಮುದಾಯವನ್ನು ಈ ವರ್ಷ ಆಯ್ಕೆ ಮಾಡಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ.’ ಅರ್ಜಿಗಳು ಬಹಳ, ಜಾಗ ಕಡಿಮೆ ಎಂದು ಕೆಳಗೆ ಎರಡು ಸಾಲು. ಕಾರಣ ಇರಲಿಲ್ಲ.

ಸಮುದಾಯವೆಂದರೆ ನಾವು ಒಂಬತ್ತು ಜನ. ಬಿಡುವಿನಲ್ಲಿ ‘ಗಿಟುಕು’ ಎಂಬ ಆ್ಯಪ್ ಬರೆಯುತ್ತಿದ್ದೆವು. ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ವಿದೇಶದ ಸಂಸ್ಥೆಯೊಂದು ಪ್ರತಿ ವರ್ಷ ಇಂಥ ಕೆಲವು ಸಮುದಾಯಗಳನ್ನು ಆರಿಸಿ, ಅವುಗಳಿಗಾಗಿ ಕೋಡ್ ಬರೆಯುವ ವಿದ್ಯಾರ್ಥಿಗಳನ್ನು ಪ್ರಾಯೋಜಿಸುತ್ತದೆ. ಇಬ್ಬರು ವಿದ್ಯಾರ್ಥಿಗಳು ಸಿಗಬಹುದೆಂದು ನಾವು ಅರ್ಜಿ ಹಾಕಿದ್ದೆವು.

ಆ್ಯಪಿನ ಕೆಲಸ ಒಂದೇ: ತೆಂಗಿನಕಾಯಿ ಅಲ್ಲಾಡಿಸಿದ ಸದ್ದು ಕೇಳಿ, ಒಳಗೆ ಗಿಟುಕು, ಅಂದರೆ ಇಡೀ ಉಂಡೆ ಕೊಬ್ಬರಿ, ಆಗಿದೆಯೋ ಇಲ್ಲವೋ ಹೇಳುವುದು. ಅಟ್ಟಕ್ಕೆ ತುಂಬಿದ ತೆಂಗಿನಕಾಯಿಯೊಳಗೆ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟು ಇಡಿಯಾಗಿ ಗಿಟುಕಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಆಯಿತೋ ಇಲ್ಲವೋ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ ತಿಳಿಯುತ್ತಾರೆ. ನೀರಿದ್ದರೆ ಕುಲುಕುವ ಸದ್ದು, ಆಗಿದ್ದರೆ ಗಡಗಡ. ಇವೆರಡರ ನಡುವೆ ಕೊಬ್ಬರಿ ಚಿಪ್ಪಿಗೆ ಅರ್ಧ ಅಂಟಿಕೊಂಡಿರುವ ಹಂತವೊಂದಿದೆ. ಆಗ ಅಟ್ಟ ಇಳಿಸಿ ಕಾಯಿ ಸುಲಿದು ಒಡೆದರೆ ಗಿಟುಕು ಚೂರಾಗುತ್ತದೆ, ಬೂಸ್ಟು ಹಿಡಿಯುತ್ತದೆ. ಆ ಹಂತವನ್ನು ಗುರುತಿಸುವವರು ಕಡಿಮೆ.

ನನ್ನ ಸೋದರಮಾವ ತಿಮ್ಮಯ್ಯ ಅಂಥವರಲ್ಲೊಬ್ಬರು. ಶೆಟ್ಟಿಕೆರೆ ಪಕ್ಕದಲ್ಲಿ ಅವರ ತೋಟ. ಅಲ್ಲಿಂದ ಹುಳಿಯಾರಿನವರೆಗೂ ಅಟ್ಟ ಇಳಿಸುವ ಮೊದಲು ಜನ ಅವರನ್ನು ಕರೆಯುತ್ತಿದ್ದರು. ಎರಡು ವರ್ಷದಿಂದ ಅವರ ಕಿವಿ ಮಂದವಾಗುತ್ತಿತ್ತು. ಯಂತ್ರ ಹಾಕಿಕೊಂಡರೆ ಮಾತು ಕೇಳುತ್ತಿತ್ತು, ಕಾಯಿ ಕೇಳುತ್ತಿರಲಿಲ್ಲ. ಇದನ್ನು ಮನೆಯ ಹೊರಗೆ ಯಾರಿಗೂ ಹೇಳಿರಲಿಲ್ಲ. ಆ್ಯಪ್ ಹುಟ್ಟಿದ್ದೇ ಅವರಿಗಾಗಿ.

ತುರುವೇಕೆರೆಯಲ್ಲಿ ಕಂಪ್ಯೂಟರ್ ಪಾಠ ಹೇಳುವ ಗಂಗಾಧರ್ ಕೋಡಿನ ಅರ್ಧಕ್ಕಿಂತ ಹೆಚ್ಚು ಬರೆದವನು. ಮಧ್ಯಾಹ್ನ ಫೋನ್ ಮಾಡಿದೆ.

“ಬುಡಿ ಮೇಡಂ. ತೆಂಗಿನಕಾಯಿ ಅಂದ್ರೆ ಅವ್ರಿಗೆ ಬಿಸ್ಕೆಟ್ ಮೇಲೆ ಉದುರ್ಸೋ ಪುಡಿ. ನೂರಕ್ಕೆ ತೊಂಬತ್ತೇಳು ಸರಿ ಹೇಳೋ ಆ್ಯಪ್ನ ತಳ್ಳವ್ರೆ ಅಂದ್ರೆ ಅವ್ರ ನಸೀಬು.”

“ಯಾಕೆ ಅಂತ ಕೇಳ್ಲಾ?”

“ಕೇಳಿ. ಉತ್ತರ ಬಂದ್ರೆ ನಿಮ್ಗೊಂದು ಮಸಾಲೆ ದೋಸೆ ನಾನೇ ಕೊಡಿಸ್ತೀನಿ.”

ಉತ್ತರ ಶನಿವಾರ ಬಂತು. ‘ಅರ್ಜಿಯೊಂದಿಗೆ ನೀವು ಕಳಿಸಿದ ಮಾದರಿ ಧ್ವನಿಗಳನ್ನು ನಾವು ಮೂವರು ಕೇಳಿದೆವು. ನಮಗೆ ತೆಂಗಿನಕಾಯಿಯ ಬಗ್ಗೆ ಏನೂ ಗೊತ್ತಿಲ್ಲ. ಹತ್ತು ಕೇಳುವಷ್ಟರಲ್ಲಿ ಉಳಿದ ನಲವತ್ತನ್ನೂ ತಪ್ಪಿಲ್ಲದೆ ಹೇಳತೊಡಗಿದೆವು. ಇದು ಇಷ್ಟು ಸುಲಭವಾಗಿರಬಾರದು. ಕಾಯಿ ಅಲ್ಲಾಡಿಸಿದ್ದು ಯಾರು?’

ಕೊನೆಯ ಪ್ರಶ್ನೆಯನ್ನು ನಾಲ್ಕು ಸಲ ಓದಿದೆ. ಆಮೇಲೆ ಧ್ವನಿಗಳನ್ನು ಆವರ್ತನದ ನಕ್ಷೆಗಳಾಗಿ ಬಿಡಿಸಿ ಪರದೆಯ ಮೇಲೆ ಪಕ್ಕಪಕ್ಕ ಇಟ್ಟೆ. ಕಾಯಿಯ ಸದ್ದೆಲ್ಲ ಕೆಳಗೆ, ಎರಡು ಸಾವಿರ ಹರ್ಟ್ಸ್‌ನ ಒಳಗೆ ಇತ್ತು. ‘ಆಗಿದೆ’ ಎಂದು ಗುರುತಿಸಿದ್ದವುಗಳಲ್ಲಿ ಮಾತ್ರ ಮೇಲೆ, ಆರು ಸಾವಿರದ ಆಸುಪಾಸಿನಲ್ಲಿ, ಸಣ್ಣ ಸಣ್ಣ ಗೆರೆಗಳು. ಹೆಡ್‌ಫೋನ್ ಹಾಕಿಕೊಂಡು ಆ ಭಾಗವನ್ನಷ್ಟೇ ಕೇಳಿದೆ.

ಬಳೆ.

ಆ್ಯಪ್ ಕಲಿತ ಧ್ವನಿಗಳನ್ನು ನಾವು ದಾಖಲಿಸಿದ್ದು ಹೀಗೆ: ಅಟ್ಟದ ಮೇಲೆ ಇನ್ನೂ ಆಗದ ಕಾಯಿಗಳನ್ನು ಏಣಿ ಹತ್ತಿ ಅಲ್ಲಾಡಿಸಿದವರು ಮಾವ. ಅಟ್ಟ ಇಳಿಸಿದ ದಿನ ಅಂಗಳದಲ್ಲಿ, ಆದ ಕಾಯಿಗಳನ್ನು ಅಲ್ಲಾಡಿಸಿದವರು ಅತ್ತೆ ಚಿಕ್ಕಗೌರಮ್ಮ. ಎಡಗೈಗೆ ಒಂದು ಡಜನ್, ಬಲಗೈಗೆ ಒಂದು ಡಜನ್ ಹಸಿರು ಗಾಜಿನ ಬಳೆ.

ಆಮೇಲೆ ನೆನಪಾದದ್ದು ಮುಖ್ಯ ವಿಷಯ. ಈ ವರ್ಷ ಮಾವ ಫೋನ್ ಹಿಡಿಯುತ್ತಿದ್ದರು, ಕಾಯಿಯನ್ನು ಅತ್ತೆ ಅಲ್ಲಾಡಿಸುತ್ತಿದ್ದರು. ಕಳೆದ ಜೂನಿನಲ್ಲಿ ತುಂಬಿದ ನಾಲ್ಕು ಸಾವಿರ ಕಾಯಿ ಒಂಬತ್ತೇ ತಿಂಗಳಿಗೆ ಆಗಿವೆ ಎಂದು ಫೋನ್ ಹೇಳಿತ್ತು. ಸೋಮವಾರ ಅಟ್ಟ ಇಳಿಸಲು ಆಳುಗಳು ಬರುವವರಿದ್ದರು.

ಭಾನುವಾರ ಮೊದಲ ಬಸ್ಸಿಗೆ ಹೋದೆ. ಜಗಲಿಯಲ್ಲಿ ಕೂತು ಅತ್ತೆಯ ಕೈಗೆ ಒಂದು ಹಸಿ ಕಾಯಿ ಕೊಟ್ಟೆ. ಅಲ್ಲಾಡಿಸಿದರು. ಒಳಗೆ ನೀರು ನನಗೂ ಕೇಳಿತು. ಫೋನ್ ‘ಆಗಿದೆ’ ಎಂದಿತು.

“ಈಗ ಕಾಯಿ ಕೆಳಗಿಡಿ ಅತ್ತೆ. ಬರೀ ಕೈ ಅಲ್ಲಾಡಿಸಿ.”

“ಬರೀ ಕೈಯಾ? ಯಾರಾದ್ರೂ ನೋಡುದ್ರೆ ದೆವ್ವ ಹಿಡಿದೈತೆ ಅಂದಾರು ಕಣೇ.” ಅಲ್ಲಾಡಿಸಿದರು. ‘ಆಗಿದೆ. ಖಚಿತತೆ 98.’

ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. “ನಾನೂ ಗಿಟುಕಾದೆ ನೋಡು! ನಾ ಆವತ್ತೇ ಹೇಳ್ದೆ, ಇದ್ಯಾಕೋ ಮೆತ್ತಗೆ ಸದ್ದು ಮಾಡ್ತೈತೆ ಅಂತ. ಫೋನು ಹೇಳೈತೆ, ನಿಂದೇನು ಅಂದ್ರು ನಿಮ್ಮ ಮಾವ.”

ಮಾವ ನಗಲಿಲ್ಲ. “ಹಂಗಾರೆ ನಂಗೂ ಕೇಳ್ಸಾಕಿಲ್ಲ, ಅದ್ಕೂ ಕೇಳ್ಸಾಕಿಲ್ಲ,” ಎಂದರು. “ಬುಧವಾರ ಹುಳಿಯಾರಲ್ಲಿ ಬಸವರಾಜಪ್ಪ ಕಾಯ್ತಿರ್ತಾನೆ. ಅವನ ಅಟ್ಟದಲ್ಲಿ ಆರು ಸಾವ್ರ ಕಾಯಿ ಐತೆ, ನಾ ನೋಡಿ ಹೇಳ್ಬೇಕು. ಏನಂತ ಹೋಗ್ಲಿ ಮಗಾ?”

ಅವರು ಅಟ್ಟದಿಂದ ತಂದಿದ್ದ ಕಾಯಿಯೊಂದನ್ನು ತೆಗೆದುಕೊಂಡು ಸುಮ್ಮನೆ ಅಲ್ಲಾಡಿಸುತ್ತ ಕೂತರು. ಕಿವಿಯ ಹತ್ತಿರ ಒಯ್ಯಲಿಲ್ಲ. ಮಡಿಲ ಮೇಲೆಯೇ, ಒಂದು ಅಂಗೈ ತೊಟ್ಟಿನ ಕಡೆ, ಇನ್ನೊಂದು ತಳದ ಕಡೆ.

“ಏನು ಮಾಡ್ತಿದೀರಿ ಮಾವ?”

“ಸುಮ್ಕೆ.” ಕಾಯಿ ಕೆಳಗಿಟ್ಟರು. “ಇದು ಆಗಿಲ್ಲ.”

“ಹೆಂಗೆ ಗೊತ್ತಾಯ್ತು?”

ಅವರು ಅಂಗೈ ನೋಡಿಕೊಂಡರು. “ಆಗಿದ್ರೆ ಒಳಗಿಂದ ಕುಟ್ತದೆ. ಇದು ಕುಟ್ಲಿಲ್ಲ.”

ಅದು ನಿಜವೋ ಅಲ್ಲವೋ ತಿಳಿಯಲು ಒಂದೇ ದಾರಿಯಿತ್ತು. ಅಟ್ಟಕ್ಕೆ ಪೂಜೆ ಮಾಡಿ ಇಳಿಸುವವರೆಗೆ ಅದರ ಒಂದು ಕಾಯಿಯನ್ನೂ ಒಡೆಯುವುದಿಲ್ಲ ಎನ್ನುವುದು ಆ ಮನೆಯ ಪದ್ಧತಿ. ಎರಡು ವರ್ಷ, 1,240 ಧ್ವನಿ. ಅಟ್ಟದ ಮೇಲಿರುವಾಗ ಕಾಯಿಯ ಒಳಗೆ ನಿಜಕ್ಕೂ ಏನಿದೆ ಎಂದು ನಾವು ಒಮ್ಮೆಯೂ ನೋಡದೆ ಇದ್ದದ್ದು ಅದರಿಂದ. ವಿಜ್ಞಾನ ಕಲಿಸುವ ನನಗೂ ಅದು ಸಹಜವೆಂದೇ ಅನ್ನಿಸಿತ್ತು. ಹೇಗೆ ಕೇಳುವುದೆಂದು ನಾನು ತೊದಲುತ್ತಿರುವಾಗ ಅತ್ತೆಯೇ ಎದ್ದು ಮಚ್ಚು ತಂದರು.

“ಅಟ್ಟದವ್ವಂಗೆ ನಾನು ಕೈಮುಗೀತೀನಿ. ನೀವು ಒಡೀರಿ. ಸೋಮವಾರ ಪೂರ್ತಿ ಅಟ್ಟ ಕೆಡಿಸ್ಕೊಳ್ಳೋದಕ್ಕಿಂತ ವಾಸಿ.”

ಮಾವ ಮಚ್ಚನ್ನು ಒಂದು ನಿಮಿಷ ನೋಡಿ, ತೆಗೆದುಕೊಂಡರು.

ಅಟ್ಟದ ನಾಲ್ಕು ಮೂಲೆ ಮತ್ತು ನಡುವಿನಿಂದ ಹನ್ನೆರಡು ಹನ್ನೆರಡರಂತೆ ಅರವತ್ತು ಕಾಯಿ ಇಳಿಸಿದೆವು. ಒಂದೊಂದಕ್ಕೂ ಸುಣ್ಣದಲ್ಲಿ ಸಂಖ್ಯೆ ಹಾಕಿದೆ. ಮೊದಲು ಅತ್ತೆ ಅಲ್ಲಾಡಿಸಿ ಫೋನಿಗೆ ಕೇಳಿಸಿದರು. ಅದು ಅರವತ್ತಕ್ಕೂ ‘ಆಗಿದೆ’ ಎಂದಿತು. ಆಮೇಲೆ ಮಾವ ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಪ್ರತಿ ಕಾಯಿಯನ್ನೂ ಮಡಿಲಿನಲ್ಲಿ ಅಲ್ಲಾಡಿಸಿದರು. ಅವರು ಹೇಳಿದ್ದನ್ನು ಬರೆದುಕೊಂಡೆ. ಎಲ್ಲ ಬರೆದಾದ ಮೇಲೆ ಒಡೆಯಲು ಶುರುಮಾಡಿದೆವು. ಅರವತ್ತನೆಯದು ಒಡೆಯುವಾಗ ಮಧ್ಯಾಹ್ನ ಎರಡು ಗಂಟೆ. ನಿಜವಾಗಿ ಗಿಟುಕಾಗಿದ್ದವು ಹದಿನಾಲ್ಕು.

ನಾನು ಕೂಡಿಸುತ್ತಿರುವಾಗ ಮಾವ ಬಂದು ಪಕ್ಕದಲ್ಲಿ ನಿಂತರು. ಮೊತ್ತವನ್ನು ಬೆರಳಿಟ್ಟು ತೋರಿಸಿದೆ. ಯಂತ್ರವನ್ನು ಮತ್ತೆ ಕಿವಿಗಿಟ್ಟುಕೊಂಡು, ಆಳುಗಳಿಗೆ ನಾಳೆ ಬೇಡವೆಂದು ಹೇಳಿ, ಬಸವರಾಜಪ್ಪನಿಗೆ ಫೋನ್ ಮಾಡಿದರು.

“ಬುಧವಾರ ಬತ್ತೀನಿ ಕಣಪ್ಪ. ಒಂದು ಮಾತು. ಕಿವಿ ಹೋಗೈತೆ. ಇಲ್ಲ, ಹುಡುಗಾಟ ಅಲ್ಲ. ಕೈಯಲ್ಲೇ ನೋಡ್ತೀನಿ. ನೋಡಿದ್ಮೇಲೆ ನಿನ್ನ ಅಟ್ಟದ್ದು ಇಪ್ಪತ್ತು ಕಾಯಿ ನಿನ್ನೆದುರಿಗೇ ಒಡೀಬೇಕು. ಒಪ್ಪಿದ್ರೆ ಹೇಳು.”

ಆ ಕಡೆಯಿಂದ ಏನೋ ದೀರ್ಘವಾದ ಮಾತು ಬಂತು. ಕೊನೆಗೆ ಮಾವ, “ಹ್ಞೂಂ, ಬೆಳಿಗ್ಗೆ ಎಂಟಕ್ಕೆ,” ಎಂದರು.

ಗಂಗಾಧರ್‌ಗೆ ಎಲ್ಲವನ್ನೂ ಬರೆದೆ. ‘ದೋಸೆ ನನ್ನದು,’ ಎಂದ. ಮತ್ತೆ, ‘ಫೋನನ್ನೇ ಕಾಯಿಗೆ ಕಟ್ಟಿದರೆ? ಅದರೊಳಗೆ ಅಲುಗಾಟ ಅಳೆಯುವ ಸೆನ್ಸರ್ ಇದೆಯಲ್ಲ?’ ನನಗೂ ಅದೇ ಹೊಳೆದಿತ್ತು. ಮುಂದಿನ ಕೆಲಸಗಳ ಪಟ್ಟಿಗೆ ಸೇರಿಸಿದೆ. ಪತ್ರ ಬರೆದ ಪರೀಕ್ಷಕರಿಗೆ ಬಳೆಯ ಚಿತ್ರ ಕಳಿಸಿದೆ.

ಆಮೇಲೆ ಯೋಜನೆಯ ಮೊದಲ ಪುಟದಲ್ಲಿದ್ದ ‘ನೂರಕ್ಕೆ ತೊಂಬತ್ತೇಳು’ ಎಂಬ ಸಾಲನ್ನು ಅಳಿಸಿ ಹೊಸದನ್ನು ಬರೆದೆ: ಒಡೆದು ನೋಡಿದ ಕಾಯಿ 60. ಆ್ಯಪ್ ಸರಿ ಹೇಳಿದ್ದು 14. ತಿಮ್ಮಯ್ಯನವರ ಅಂಗೈ ಸರಿ ಹೇಳಿದ್ದು 55.