ಗನ್ನು ತೊಳೆಯುವ ಕೆಲಸ

"ಏ ನಾಗಿ, ಗನ್ನು ಹಿಡಿಯೂದು ಆಮ್ಯಾಲ. ಮೊದಲ ಕಸಬರಿಗಿ ಹಿಡಿ. ನಿಮ್ಮ ಮಂದಿ ಕೈಗೆ ಅದ ಚಲೋ ಕೂಡ್ತದ," ಎಂದರು ಸಮೀರ ಸರ್. ಫೋಮ್ ಹೊಡೆಯುವ ತರಬೇತಿಯ ಮೊದಲ ಪಾಠ ಅದು. ಜೊತೆಗೆ ಕಲಿಯಲು ಬಂದಿದ್ದ ಒಂಬತ್ತು ಗಂಡಸರು ನಕ್ಕರು. ನಾನು ಗುಡಿಸಿದೆ.

ನಾನು ನಾಗರತ್ನಾ, ಸೊರಟೂರ ಹೊಲಗೇರಿಯವಳು. ಲಕ್ಷ್ಮೇಶ್ವರದ ಗೋದಾಮೊಂದರಲ್ಲಿ ಕಾದ ತಗಡಿನ ಕೆಳಗೆ ಏಳು ಬೇಸಿಗೆ ಚೀಲ ಹೊತ್ತವಳು. ಒಮ್ಮೆ ಹುಲಕೋಟಿ ಕಡೆಯ ಗೋದಾಮಿಗೆ ಹೋದರೆ ಒಳಗೆ ತಂಪೋ ತಂಪು. ಒಬ್ಬಾತ ತಗಡಿನ ಒಳಮೈಗೆ ಬಿಸಿಲಿನ ಝಳ ತಡೆಯುವ ಫೋಮ್ ಹೊಡೆಯುತ್ತಿದ್ದ. ಎರಡು ಪೈಪಿನ ಎರಡು ಎಣ್ಣೆ ಗನ್ನಿನಲ್ಲಿ ಕೂಡಿ, ನೊರೆಯಾಗಿ ಉಬ್ಬಿ, ನೋಡುನೋಡುತ್ತಲೇ ಗಟ್ಟಿಯಾಗುತ್ತಿತ್ತು. ಇದನ್ನೇ ಕಲಿಯಬೇಕು ಎನಿಸಿತು. ಸರ್ಟಿಫಿಕೇಟ್ ಇಲ್ಲದವರ ಕೈಗೆ ಯಾರೂ ಗನ್ನು ಕೊಡುವುದಿಲ್ಲ ಎಂದ ಆತ.

ತರಬೇತಿ ಕೇಳಲು ಹೋದರೆ ಶಿರಹಟ್ಟಿಯ ಸರಕಾರಿ ಕಚೇರಿಯಲ್ಲಿ ಹೊಲಿಗೆ ಕಲಿ ಎಂದರು. ಮುಂಡರಗಿಯ ಸಾಹೇಬ ಹಪ್ಪಳ ಮಾಡುವುದನ್ನು ಕಲಿ ಎಂದ.

"ನಾ ಲಟ್ಟಿಸಿದ ಹಪ್ಪಳ ನಿಮ್ಮ ಮನ್ಯಾಗ ತಿಂತಾರೇನ್ರಿ?"

ಆತ ಫ್ಯಾನಿನ ಕಡೆ ನೋಡಿದ.

ಕೊನೆಗೆ ಸಿಕ್ಕಿದ್ದು ಬೆಟಗೇರಿಯ ಈ ಕೇಂದ್ರ. ಹತ್ತು ಮಂದಿ ಬೇಕಿತ್ತು, ಒಂಬತ್ತೇ ಇದ್ದರು. ಅದಕ್ಕೇ ನನ್ನನ್ನೂ ಸೇರಿಸಿಕೊಂಡರು.

ಸಂಜೆ ಗನ್ನು ತೊಳೆಯುವ ಹೊಲಸು ಕೆಲಸ ನನ್ನ ಪಾಲಿಗೆ ಬಂತು. ಪೂರ್ತಿ ಬಿಚ್ಚಬೇಕು, ಮೂತಿಯ ತೂತಿಗೆ ಸೂಜಿ ಆಡಿಸಬೇಕು, ಗ್ರೀಸು ತುಂಬಬೇಕು. ತಡ ಮಾಡಿದರೆ ಒಳಗೇ ಕಲ್ಲಾಗುತ್ತದೆ. ನಾನು ಮುಟ್ಟಿದ ಕೊಡದ ನೀರು ಕುಡಿಯದ ಸರ್, ನಾನು ತೊಳೆದ ಗನ್ನನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಗನ್ನಿಗೆ ಮೈಲಿಗೆ ಹತ್ತುವುದಿಲ್ಲ ಅಂತ ಕಾಣುತ್ತದೆ. ಮುಂಜಾನೆ ಬಂದು ಮಶೀನು ಕಾಯಿಸಿಡುವುದೂ ನನ್ನದೇ. ಯಾರೂ ಬರುವ ಮುಂಚೆ, ಸರಿಯಿದೆಯೋ ಇಲ್ಲವೋ ನೋಡುವ ನೆಪದಲ್ಲಿ, ಹಳೇ ತಗಡುಗಳ ಮೇಲೆ ಹೊಡೆಯುತ್ತಿದ್ದೆ. ಮೂರು ವಾರದಲ್ಲಿ ಕೈ ಕೂತಿತು.

ಪರೀಕ್ಷೆಯ ದಿನ ಹೊರಗಿನಿಂದ ಸಾಹೇಬರು ಬರುವವರಿದ್ದರು. ಮೊದಲ ಪಾಳಿ ಹೊನ್ನೇಶನದು. ನಾನು ಚೀಲ ಹೊತ್ತ ಅದೇ ಗೋದಾಮಿನ ಸಾಹುಕಾರನ ಮಗ. ಹಾಜರಿ ಪುಸ್ತಕದಲ್ಲಿ ಸಹಿ ಮಾಡಲಷ್ಟೇ ಬರುತ್ತಿದ್ದ. ಅವತ್ತು ಮುಂಜಾನೆ ಅವನು ಹೊಡೆದು ನೋಡಿದ ಫೋಮು ಎಮ್ಮೆಯ ಕೆಚ್ಚಲಿನಂತೆ ಜೋತುಬಿತ್ತು. ಸಾಹುಕಾರನ ಮಗ ಫೇಲಾದರೆ ಆ ಗೋದಾಮಿನ ಕೆಲಸ ಕೈತಪ್ಪುತ್ತದೆಂದು ಸರ್ ಬೆವತುಹೋದರು. ಬೆನ್ನ ಮೇಲೆ ಹೊನ್ನೇಶ ಎಂದು ಬರೆದಿದ್ದ, ತಲೆಯಿಂದ ಕಾಲತನಕ ಮುಚ್ಚುವ ಸೂಟನ್ನು ನನ್ನ ಕಡೆ ಎಸೆದರು.

"ಇದನ್ನ ತೊಟ್ಟು, ಮಾಸ್ಕ್ ಹಾಕ್ಕೊಂಡು, ಬಾಯಿ ಮುಚ್ಚಿ ಹೊಡಿ. ಆಮ್ಯಾಲ ನಿಂದೂ ಪರೀಕ್ಷಾ ಮಾಡಸ್ತೇನಿ. ಖರೇನ."

ಆ ಮಾತಿಗೆ ಸೋತೆ. ಹೊಡೆದೆ. ಸಾಹೇಬರು ದಪ್ಪ ಅಳೆದು ನೋಡಿ, "ಶಭಾಶ್ ಹೊನ್ನೇಶ," ಎಂದು ನನ್ನ ಬೆನ್ನು ತಟ್ಟಿದರು. ಒಳಗೆ ಯಾರಿದ್ದಾರೆಂದು ಗೊತ್ತಿದ್ದರೆ ಎಷ್ಟು ಸಲ ಕೈ ತೊಳೆಯುತ್ತಿದ್ದರೋ.

ಉಳಿದವರ ಪಾಳಿ ಮುಗಿಯಿತು. ಒಂಬತ್ತು ಸರ್ಟಿಫಿಕೇಟನ್ನೂ ಸರ್ ಕೈಗೆ ಕೊಟ್ಟು ಸಾಹೇಬರು ಕಾರು ಹತ್ತಿದರು. ಅಲ್ಲಿತನಕ ಹಿಂದಿನ ಕೋಣೆಯಲ್ಲಿ ಅಡಗಿದ್ದ ಹೊನ್ನೇಶ ಹೊರಬಂದು ತನ್ನದನ್ನು ಇಸಿದುಕೊಂಡ.

"ನಂದ್ರಿ ಸರ್?"

"ನೀ ಗೈರುಹಾಜರ ಅಂತ ಬರದೇನಿ. ಸೂಟಿನಾಗ ಇದ್ದಾಕಿ ಹೊರಗ ಹೆಂಗ ಇರ್ತಿ? ಮುಂದಿನ ಬ್ಯಾಚಿಗೆ ಬಾ. ಕಸಾ ಹೊಡಿಯೋರು ಆಗಲೂ ಬೇಕು. ಈಗ ಗನ್ನು ತೊಳಿ. ನಾಳೆ ಹೊನ್ನೇಶನ ಗೋದಾಮಿಗೆ ಒಯ್ಯೂದದ."

ಅಳು ಬರಲಿಲ್ಲ, ನಗು ಬಂತು. ನಾನು ಸೂಟು ಬಿಚ್ಚಿ ಹೊನ್ನೇಶನ ಹೆಗಲಿಗೆ ಹಾಕಿದೆ, ಗನ್ನನ್ನು ಅವನ ಕೈಗೆ ಕೊಟ್ಟೆ.

"ಕಾಗದದಾಗ ಯಾರ ಹೆಸರೈತಿ, ಅವರ ತೊಳೀಲಿ."

"ಸೊಕ್ಕೇನಲೇ ರಂಡೆ?" ಎಂದ ಹೊನ್ನೇಶ.

"ಹೌದಲೇ ಭಾಡ್ಯಾ. ಜಲ್ದಿ ತೊಳಿ, ಒಳಗ ಗಟ್ಟಿ ಆಗಾಕತ್ತೈತಿ."

ಅವನು ಒಂದು ಕೈಯಲ್ಲಿ ಸರ್ಟಿಫಿಕೇಟ್ ಹಿಡಿದುಕೊಂಡೇ ಗನ್ನನ್ನು ಹಿಂದೆಮುಂದೆ ತಿರುಗಿಸಿದ. "ನೀವ ಬಿಚ್ಚರಿ ಸರ್," ಎಂದ. ಸರ್ ಒಂದು ತಿರುಪು ತಿರುವಿದರು. ಅದಲ್ಲ. ಇನ್ನೊಂದು ತಿರುವಿದರು. ಅದೂ ಅಲ್ಲ. ಅವರು ಒಂದು ದಿನವೂ ಅದನ್ನು ಬಿಚ್ಚಿರಲಿಲ್ಲ.

"ನಾಗರತ್ನಾ, ಎಲ್ಲಿಂದ ಬಿಚ್ಚೂದವಾ ಇದನ್ನ?"

ಮೊದಲ ಸಲ ಪೂರ್ತಿ ಹೆಸರು ಹಿಡಿದು ಕರೆದರು, ಆದರೂ ಹೇಳಲಿಲ್ಲ. ಮೂಲೆಯಲ್ಲಿದ್ದ ಕೊಡದ ಮುಚ್ಚಳ ತೆಗೆದೆ. ಸರ್ ಕುಡಿಯುವ ಸ್ಟೀಲಿನ ಲೋಟವನ್ನು ಒಳಗೆ ಅದ್ದಿ, ತುಟಿ ಹಚ್ಚಿ ನಿಧಾನ ಕುಡಿದೆ. ಯಾರೂ ತಡೆಯಲಿಲ್ಲ. ಇಬ್ಬರ ಕಣ್ಣೂ ಗನ್ನಿನ ಮೇಲಿತ್ತು. ಅದರ ಟ್ರಿಗರ್ ಆಗಲೇ ಅಲುಗುತ್ತಿರಲಿಲ್ಲ.